ಒಂದೇ ಟ್ಯೂನ್, ಎರಡು ಹಾಡು: ‘ಟೈಮ್ಸ್ ಆಫ್ ಟ್ರಬಲ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ಹಾಡಪ್ಪಾ ಇದು? ನಾನು ಕೇಳೇ ಇಲ್ಲ.

ಕೇಳದೇ ಇದ್ರೆ ನಿಮ್ಮ ತಪ್ಪೇನಿಲ್ಲ ಬಿಡಿ. ಟೆಂಪಲ್ ಆಫ್ ದಿ ಡಾಗ್ ಅಂತ ಅಮೆರಿಕದ ಸಿಯಾಟಲ್ ಊರಿನ ಒಂದು ಬ್ಯಾಂಡ್, ಅವ್ರು ಮಾಡಿದ್ದೇ ಒಂದು ಆಲ್ಬಂ, ಬ್ಯಾಂಡಿನ ಹೆಸರೇ ಆಲ್ಬಂಗೂ ಹೆಸರು, ಬಂದಿದ್ದು 1991ರ ಏಪ್ರಿಲ್‌ನಲ್ಲಿ. ಅದ್ರಲ್ಲಿ ಹತ್ತು ಹಾಡಿದೆ, ಇದು ಆರನೇದು. ಐದೂವರೆ ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಇರೋ ನಿಧಾನದ ಹಾಡು. ರೇಡಿಯೋದವ್ರು ಹಾಕಿದ್ದು ಇದನ್ನಲ್ಲ, ವಿಡಿಯೋ ಮಾಡಿದ್ದೂ ಇದಕ್ಕಲ್ಲ, ಹಾಗಾಗಿ ಆಲ್ಬಂ ಪೂರ್ತಿ ಹಾಕಿಕೊಂಡು ಸುಮ್ನೆ ಕೂತವ್ರಿಗೆ ಮಾತ್ರ ಸಿಗೋ ಹಾಡು. ಮ್ಯೂಸಿಕ್ ಗಿಟಾರಿಸ್ಟ್ ಸ್ಟೋನ್ ಗೊಸಾರ್ಡ್‌ದು, ಸಾಹಿತ್ಯ ಮತ್ತೆ ದನಿ ಕ್ರಿಸ್ ಕಾರ್ನೆಲ್‌ದು. ಇದೇ ಟ್ಯೂನ್‌ನ ಇನ್ನೊಂದು ಹಾಡು ಪರ್ಲ್ ಜ್ಯಾಮ್ ಅನ್ನೋ ಬ್ಯಾಂಡಿನ ‘ಫುಟ್‌ಸ್ಟೆಪ್ಸ್’, ಅದ್ರ ಕಥೆ ಮುಂದೆ ಹೇಳ್ತೀನಿ.

ಬ್ಯಾಂಡ್‌ನಲ್ಲಿ ಯಾರ್ಯಾರು?

ಸಿಯಾಟಲ್‌ನದೇ ಇನ್ನೊಂದು ಬ್ಯಾಂಡ್ ಸೌಂಡ್‌ಗಾರ್ಡನ್‌ನಿಂದ ಇಬ್ಬರು: ಹಾಡೋ ಕಾರ್ನೆಲ್, ಡ್ರಮ್ಸ್ ಬಾರಿಸೋ ಮ್ಯಾಟ್ ಕ್ಯಾಮರಾನ್. ಮದರ್ ಲವ್ ಬೋನ್ ಅನ್ನೋ ಬ್ಯಾಂಡ್ ಮುರಿದುಬಿದ್ದ ಮೇಲೆ ಉಳಿದವರಲ್ಲಿ ಇಬ್ಬರು: ಸ್ಟೋನ್ ಗೊಸಾರ್ಡ್, ಬಾಸ್ ನುಡಿಸೋ ಜೆಫ್ ಅಮೆಂಟ್. ಲೀಡ್ ಗಿಟಾರ್‌ಗೆ ಮೈಕ್ ಮೆಕ್ರೆಡಿ. ಆಮೇಲೆ ಊರಿಗೆ ಹೊಸದಾಗಿ ಬಂದಿದ್ದ, ಜಾಸ್ತಿ ಮಾತಾಡದ ಒಬ್ಬ ಹುಡುಗ, ಎಡ್ಡಿ ವೆಡರ್.

‘ಸೂಪರ್‌ಗ್ರೂಪ್’ (ಬೇರೆ ಬೇರೆ ಬ್ಯಾಂಡಿನ ಸ್ಟಾರ್‌ಗಳು ಸೇರಿದ ಬ್ಯಾಂಡ್) ಅಂತಾರಲ್ಲ, ಆಗ್ಲೇ ಇವ್ರೆಲ್ಲ ಸ್ಟಾರ್‌ಗಳಾ?

ಇಲ್ವೇ ಇಲ್ಲ. ಈ ಮಾತು ಆಮೇಲೆ ಅಂಟಿಕೊಂಡಿದ್ದು. 1990ರ ಕೊನೇಲಿ ರೆಕಾರ್ಡಿಂಗ್ ಆಗುವಾಗ ಪರ್ಲ್ ಜ್ಯಾಮ್ ಅನ್ನೋ ಹೆಸರೇ ಹುಟ್ಟಿರಲಿಲ್ಲ, ಗೊಸಾರ್ಡ್ ಅಮೆಂಟ್ ಮೆಕ್ರೆಡಿ ವೆಡರ್ ಸೇರಿ ಮೂಕಿ ಬ್ಲೇಲಾಕ್ ಅಂತ ಒಬ್ಬ ಬಾಸ್ಕೆಟ್‌ಬಾಲ್ ಆಟಗಾರನ ಹೆಸರಿಟ್ಕೊಂಡು ಓಡಾಡ್ತಿದ್ರು, ಅದೇ ಬ್ಯಾಂಡ್ ಆಮೇಲೆ ಪರ್ಲ್ ಜ್ಯಾಮ್ ಆಗಿದ್ದು. ಸೌಂಡ್‌ಗಾರ್ಡನ್‌ಗೆ ದೊಡ್ಡ ಕಂಪನಿ ಸಿಕ್ಕಿತ್ತು ನಿಜ, ಆದ್ರೆ ಅವ್ರೂ ಇನ್ನೂ ಮನೆಮಾತಾಗಿರಲಿಲ್ಲ. ಆರು ಜನ ಗೆಳೆಯರು, ಅದ್ರಲ್ಲೂ ಒಬ್ಬ ಇನ್ನೂ ಸರಿಯಾಗಿ ಪರಿಚಯ ಆಗದವನು, ಒಂದು ಸಾವಿನ ನಂತರ ಒಂದು ರೂಮಲ್ಲಿ ಕೂತು ಹಾಡು ಮಾಡಿದ್ರು ಅಷ್ಟೇ. ಎರಡು ವರ್ಷ ಆದ್ಮೇಲೆ ನೋಡಿದ್ರೆ ಎಲ್ರೂ ದೊಡ್ಡೋರಾಗಿದ್ರು, ಆಗ ಇದು ಸೂಪರ್‌ಗ್ರೂಪ್ ಆಯ್ತು.

ಯಾರ ಸಾವು?

ಆಂಡ್ರ್ಯೂ ವುಡ್ ಅಂತ. ಗೆಳೆಯರಿಗೆ ಆಂಡಿ. ಮದರ್ ಲವ್ ಬೋನ್‌ನ ಗಾಯಕ, ಅದಕ್ಕೂ ಮುಂಚೆ ಅಣ್ಣ ಕೆವಿನ್ ಜೊತೆ ಮಾಲ್‌ಫಂಕ್ಷನ್ ಅಂತ ಬ್ಯಾಂಡ್ ಇತ್ತು. ಆ ಕಾಲದ ಸಿಯಾಟಲ್ ಹುಡುಗರು ಹಳೇ ಚೆಕ್ಸ್ ಶರ್ಟ್ ಹಾಕ್ಕೊಂಡು ತಲೆ ತಗ್ಗಿಸಿ ನುಡಿಸ್ತಿದ್ರೆ ಈ ಪುಣ್ಯಾತ್ಮ ಮುಖಕ್ಕೆ ಬಣ್ಣ ಬಳ್ಕೊಂಡು, ಮಿಂಚೋ ಬಟ್ಟೆ ಹಾಕ್ಕೊಂಡು, ಐವತ್ತು ಜನ ಇರೋ ಕ್ಲಬ್ಬಲ್ಲೂ ಐವತ್ತು ಸಾವಿರ ಜನ ಇದ್ದಾರೆ ಅನ್ನೋ ಥರ ಹಾಡ್ತಿದ್ದ. ಕ್ವೀನ್ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿ ಅಂದ್ರೆ ಪ್ರಾಣ. ಕಾರ್ನೆಲ್ ಮತ್ತೆ ಆಂಡಿ ಒಂದೇ ಮನೇಲಿ ಬಾಡಿಗೆಗೆ ಇದ್ದೋರು, ರೂಮ್‌ಮೇಟ್ಸ್, ಇವನೊಂದು ಹಾಡು ಬರೆದು ಮನೇಲೇ ರೆಕಾರ್ಡ್ ಮಾಡಿ ಕೇಳ್ಸಿದ್ರೆ ಅವನೊಂದು ಬರೆದು ಕೇಳ್ಸೋದು, ಹಂಗಿತ್ತು ಸ್ನೇಹ.

ಆಂಡಿಗೆ ಹೆರಾಯಿನ್ ಚಟ ಇತ್ತು. ರಿಹ್ಯಾಬ್‌ಗೂ ಹೋಗಿ ಬಂದಿದ್ದ. 1990ರ ಮಾರ್ಚ್‌ನಲ್ಲಿ, ಮದರ್ ಲವ್ ಬೋನ್‌ನ ಮೊದಲ ಫುಲ್ ಆಲ್ಬಂ ‘ಆ್ಯಪಲ್’ ಇನ್ನೇನು ಬರ್ಬೇಕು ಅನ್ನುವಾಗ ಓವರ್‌ಡೋಸ್ ಆಯ್ತು, ಕೆಲ ದಿನ ಆಸ್ಪತ್ರೇಲಿ ಮಷೀನ್ ಮೇಲಿದ್ದ, 19ನೇ ತಾರೀಕು ಹೋದ. ವಯಸ್ಸು 24. ಆಲ್ಬಂ ಜುಲೈನಲ್ಲಿ ಬಂತು, ಹಾಡಿದವನೇ ಇಲ್ಲ.

ಬ್ಯಾಂಡಿಗೆ ಅದೇನು ‘ನಾಯಿಯ ಗುಡಿ’ ಅಂತ ಹೆಸರು?

ಆಂಡಿಯದ್ದೇ ಒಂದು ಹಾಡಿದೆ, ‘ಮ್ಯಾನ್ ಆಫ್ ಗೋಲ್ಡನ್ ವರ್ಡ್ಸ್’ ಅಂತ, ಅದ್ರ ಒಂದು ಸಾಲಲ್ಲಿ ಈ ಮಾತು ಬರುತ್ತೆ. ಅಲ್ಲಿಂದ ತಗೊಂಡಿದ್ದು. ನಾಯಿ ಯಾವುದು ಅಂತ ಹುಡುಕ್ಕೊಂಡು ಹೋಗ್ಬೇಡಿ, ಆಂಡಿ ಸಾಹಿತ್ಯ ಎಲ್ಲಾ ಹಂಗೇ, ಅರ್ಥಕ್ಕಿಂತ ಮೋಜು ಜಾಸ್ತಿ.

ಸರಿ, ಮುಖ್ಯ ಪ್ರಶ್ನೆ. ಇದು ಪರ್ಲ್ ಜ್ಯಾಮ್‌ನವ್ರ ‘ಫುಟ್‌ಸ್ಟೆಪ್ಸ್’ ಅಲ್ವಾ? ಯಾರು ಯಾರದ್ದನ್ನ ಕದ್ದಿದ್ದು?

ಈ ಪ್ರಶ್ನೆಗೋಸ್ಕರನೇ ಇಷ್ಟುದ್ದ ಬರೀತಿರೋದು. ನಾನೂ ಇದೇ ತಪ್ಪು ಮಾಡಿದ್ದೆ, ಹಾಸ್ಟೆಲ್‌ನಲ್ಲಿ ಒಬ್ಬ ಗೆಳೆಯ ಪೆನ್‌ಡ್ರೈವಲ್ಲಿ ಹಾಡು ಕೊಟ್ಟಿದ್ದ, ಅದ್ರಲ್ಲಿ ಎರಡೂ ಹಾಡಿಗೆ ಒಂದೇ ಹೆಸರು ಹಾಕಿ ಒಂದೇ ಫೋಲ್ಡರ್‌ಗೆ ತುಂಬಿದ್ದ, ನಾನು ಒಂದು ವರ್ಷ ಪೂರ್ತಿ ಇದು ಒಂದೇ ಹಾಡು, ಇನ್ನೊಬ್ಬ ಕವರ್ ಮಾಡಿದ್ದಾನೆ, ಮಾತು ಮಾತ್ರ ನನಗೆ ಸರಿಯಾಗಿ ಕೇಳಿಸ್ತಿಲ್ಲ ಅಂದ್ಕೊಂಡಿದ್ದೆ.

ಯಾರೂ ಕದ್ದಿಲ್ಲ. ಟ್ಯೂನ್ ಗೊಸಾರ್ಡ್‌ದೇ, ಎರಡರಲ್ಲೂ. ಆಂಡಿ ಹೋದ್ಮೇಲೆ ಗೊಸಾರ್ಡ್ ಒಬ್ಬನೇ ಕೂತು ಒಂದಿಷ್ಟು ಟ್ಯೂನ್ ಮಾಡಿದ್ದ, ಮೊದಲಿನದಕ್ಕಿಂತ ಸ್ವಲ್ಪ ಗಟ್ಟಿಯಾದವು, ಮಾತಿಲ್ಲದ ಬರೀ ಮ್ಯೂಸಿಕ್. ಮೆಕ್ರೆಡಿ, ಅಮೆಂಟ್ ಸೇರ್ಕೊಂಡ್ರು, ಡ್ರಮ್ಸ್‌ಗೆ ಕ್ಯಾಮರಾನ್ ಬಂದು ಕೈ ಹಾಕಿದ, ಡೆಮೋ ಕ್ಯಾಸೆಟ್ ತಯಾರಾಯ್ತು. ಅದ್ರಲ್ಲಿದ್ದ ಒಂದು ಟ್ಯೂನ್‌ಗೆ ‘ಟ್ರಬಲ್ಡ್ ಟೈಮ್ಸ್’ ಅಂತ ಹೆಸರಿಟ್ಟಿದ್ರು. ಆ ಒಂದು ಟ್ಯೂನ್ ಎರಡು ಕೈಗೆ ಹೋಯ್ತು. ಸಿಯಾಟಲ್‌ನಲ್ಲೇ ಇದ್ದ ಕಾರ್ನೆಲ್ ಅದಕ್ಕೊಂದು ಸಾಹಿತ್ಯ ಬರೆದ, ಹೆಸರನ್ನ ಸ್ವಲ್ಪ ಮಗುಚಿ ಹಾಕಿದ, ‘ಟೈಮ್ಸ್ ಆಫ್ ಟ್ರಬಲ್’ ಆಯ್ತು. ಕ್ಯಾಸೆಟ್ಟಿನ ಇನ್ನೊಂದು ಕಾಪಿ ಸಾವಿರಾರು ಕಿಲೋಮೀಟರ್ ದೂರದ ಸ್ಯಾನ್ ಡಿಯಾಗೋಗೆ ಹೋಯ್ತು, ಅಲ್ಲಿ ಇನ್ಯಾರೋ ಅದಕ್ಕೆ ಬೇರೆ ಮಾತು ಹಾಕಿದ, ಅದು ‘ಫುಟ್‌ಸ್ಟೆಪ್ಸ್’.

ನಮಗೆ ಇದು ವಿಚಿತ್ರ ಅನ್ನಿಸ್ಬಾರ್ದು ನಿಜ ಹೇಳ್ಬೇಕಂದ್ರೆ. ಯಕ್ಷಗಾನದಲ್ಲಿ ಒಂದೇ ಮಟ್ಟಿಗೆ ಎಷ್ಟು ಪ್ರಸಂಗದ ಎಷ್ಟು ಪದ ಇಲ್ಲ? ನಮ್ಮ ಸಿನಿಮಾದಲ್ಲೂ ಟ್ಯೂನ್ ಮೊದಲು ಆಗಿ ಆಮೇಲೆ ಸಾಹಿತ್ಯ ಬರೆಸೋದು ಮಾಮೂಲಿ. ಆದ್ರೆ ರಾಕ್‌ನಲ್ಲಿ ಒಂದೇ ಟ್ಯೂನ್‌ಗೆ ಇಬ್ರು ದೊಡ್ಡ ಗಾಯಕರು, ಒಂದೇ ವರ್ಷ, ಬೇರೆ ಬೇರೆ ಸಾಹಿತ್ಯ ಬರೆದು, ಎರಡೂ ಉಳ್ಕೊಂಡಿದ್ದು ಅಪರೂಪ.

ಕ್ಯಾಸೆಟ್ ಸ್ಯಾನ್ ಡಿಯಾಗೋಗೆ ಹೋಗಿದ್ದು ಹೇಗೆ?

ಜ್ಯಾಕ್ ಐರನ್ಸ್ ಅಂತ ಒಬ್ಬ ಡ್ರಮ್ಮರ್, ರೆಡ್ ಹಾಟ್ ಚಿಲಿ ಪೆಪ್ಪರ್ಸ್‌ನಲ್ಲಿ ಇದ್ದೋನು. ಗೊಸಾರ್ಡ್ ಮತ್ತೆ ಅಮೆಂಟ್ ಅವನಿಗೆ ಕ್ಯಾಸೆಟ್ ಕೊಟ್ಟು ನಮ್ ಜೊತೆ ಸೇರ್ಕೋ ಅಂದ್ರು, ಅವನು ನನಗಾಗಲ್ಲ ಅಂದ, ಹೋಗ್ಲಿ ಯಾರಾದ್ರೂ ಹಾಡೋರು ಗೊತ್ತಿದ್ರೆ ಕೊಡು ಅಂದ್ರು. ಐರನ್ಸ್‌ಗೆ ಬಾಸ್ಕೆಟ್‌ಬಾಲ್ ಆಡುವಾಗ ಸಿಗ್ತಿದ್ದ ಒಬ್ಬ ಗೆಳೆಯ ಇದ್ದ, ಪೆಟ್ರೋಲ್ ಬಂಕ್‌ನಲ್ಲಿ ರಾತ್ರಿ ಪಾಳಿ ಮಾಡ್ಕೊಂಡು ಸಣ್ಣಪುಟ್ಟ ಬ್ಯಾಂಡ್‌ಗಳಲ್ಲಿ ಹಾಡ್ಕೊಂಡಿದ್ದ ಎಡ್ಡಿ ವೆಡರ್. ವೆಡರ್ ಕ್ಯಾಸೆಟ್ ಕೇಳಿದ, ಬೆಳಿಗ್ಗೆ ಸಮುದ್ರಕ್ಕೆ ಸರ್ಫಿಂಗ್‌ಗೆ ಹೋದ, ಅಲೆ ಮೇಲಿರುವಾಗ್ಲೇ ತಲೇಲಿ ಮಾತು ಬರೋಕೆ ಶುರುವಾಯ್ತು, ಮನೆಗೆ ಬಂದವನೇ ಮೂರು ಟ್ಯೂನ್ ಮೇಲೆ ದನಿ ರೆಕಾರ್ಡ್ ಮಾಡಿ ವಾಪಸ್ ಕಳಿಸ್ದ. ಆ ಕ್ಯಾಸೆಟ್‌ಗೆ ‘ಮಾಮಾಸನ್’ ಅಂತ ಹೆಸರು. ಮೂರು ಹಾಡು: ‘ಅಲೈವ್’, ‘ವನ್ಸ್’, ‘ಫುಟ್‌ಸ್ಟೆಪ್ಸ್’.

ಅಕ್ಟೋಬರ್‌ನಲ್ಲಿ ಅವನೇ ಸಿಯಾಟಲ್‌ಗೆ ಬಂದಿಳಿದ. ಅಂದ್ರೆ ‘ಟೈಮ್ಸ್ ಆಫ್ ಟ್ರಬಲ್’ ರೆಕಾರ್ಡ್ ಆಗುವಾಗ, ಅದೇ ಟ್ಯೂನ್‌ಗೆ ಬೇರೆ ಮಾತು ಬರೆದವನು ಅಲ್ಲೇ ಓಡಾಡ್ಕೊಂಡಿದ್ದ! ಇದನ್ನ ಯೋಚನೆ ಮಾಡಿದಾಗೆಲ್ಲ ನನಗೆ ಒಂಥರಾ ಆಗುತ್ತೆ. (ಐರನ್ಸ್ ಕಥೆ ಅಲ್ಲಿಗೇ ಮುಗೀಲಿಲ್ಲ, 1994ರಲ್ಲಿ ಕೊನೆಗೂ ಪರ್ಲ್ ಜ್ಯಾಮ್ ಸೇರಿದ, 1998ರಲ್ಲಿ ಬಿಟ್ಟ, ಅವನ ಜಾಗಕ್ಕೆ ಬಂದಿದ್ದು ಯಾರು ಅಂದ್ರೆ ಮ್ಯಾಟ್ ಕ್ಯಾಮರಾನ್. ಆ ಡೆಮೋದಲ್ಲಿ ಬಾರಿಸಿದ್ದ ಅದೇ ಕ್ಯಾಮರಾನ್.)

ಎರಡರ ಸಾಹಿತ್ಯ ಅಷ್ಟೊಂದು ಬೇರೇನಾ?

ಆಕಾಶ ಭೂಮಿ.

ವೆಡರ್‌ದು ಕಥೆ. ಮೂರು ಹಾಡು ಸೇರಿ ಒಬ್ಬ ಹುಡುಗನ ಕಥೆ, ಅಪ್ಪ ಅಂದ್ಕೊಂಡಿದ್ದವನು ಅಪ್ಪ ಅಲ್ಲ, ನಿಜವಾದ ಅಪ್ಪ ಸತ್ತೋಗಿದ್ದಾನೆ ಅಂತ ‘ಅಲೈವ್’ನಲ್ಲಿ ಗೊತ್ತಾಗುತ್ತೆ (ಇಷ್ಟು ಭಾಗ ವೆಡರ್‌ನ ಸ್ವಂತ ಜೀವನದ್ದೇ), ‘ವನ್ಸ್’ನಲ್ಲಿ ಆ ಹುಡುಗ ಬುದ್ಧಿ ಕೆಟ್ಟು ಕೊಲೆ ಮೇಲೆ ಕೊಲೆ ಮಾಡ್ತಾನೆ, ‘ಫುಟ್‌ಸ್ಟೆಪ್ಸ್’ನಲ್ಲಿ ಜೈಲಿನ ಸೆಲ್ ಒಳಗೆ ಮರಣದಂಡನೆಗೆ ಕಾಯ್ತಾ ಕೂತಿದ್ದಾನೆ. ಅಲ್ಲಿ ಕೂತು ತಪ್ಪನ್ನ ಇನ್ನೊಬ್ರ ಮೇಲೆ ಹಾಕ್ತಾನೆ, ನೀನು ನನಗೆ ಹಿಂಗೆ ಮಾಡಿದೆ ಅಂತಾನೆ, ಹೊರಗೆ ಹೋಗೋ ದಾರಿ ಇಲ್ಲ. ಟ್ಯೂನಿನ ನಿಧಾನ ಅಲ್ಲಿ ಗೋಡೆ ಥರ ಕೇಳುತ್ತೆ.

ಕಾರ್ನೆಲ್‌ದು ಕಥೆ ಅಲ್ಲ, ಎದುರಿಗೆ ಕೂತಿರೋ ಒಬ್ಬನ ಜೊತೆ ಮಾತು. ಚಮಚ, ಸೂಜಿ ಎರಡೂ ಬರುತ್ತೆ, ಹೆರಾಯಿನ್ ಬಗ್ಗೆ ಅನ್ನೋದ್ರಲ್ಲಿ ಮುಚ್ಚುಮರೆ ಇಲ್ಲ. ಆದ್ರೆ ಬುದ್ಧಿ ಹೇಳಲ್ಲ ನೋಡಿ. ಛೀ ಥೂ ಅನ್ನಲ್ಲ. ನೀನು ಬಿಟ್ಕೊಡ್ಬೇಡ, ಇಲ್ಲಿ ನಿನಗಿರೋ ಟೈಮನ್ನ ಹಿಡ್ಕೋ, ಇದು ದಾಟುತ್ತೆ ಅನ್ನೋ ಧಾಟಿ. ಅದೇ ಗಿಟಾರ್ ಕಾರ್ಡ್ಸ್, ಅದೇ ಸುತ್ತು, ಅಲ್ಲಿ ಗೋಡೆ ಆಗಿದ್ದು ಇಲ್ಲಿ ಹೆಗಲ ಮೇಲೆ ಇಟ್ಟ ಕೈ ಆಗುತ್ತೆ.

ಹಾಗಾದ್ರೆ ಇದು ಆಂಡಿಗೆ ಬರೆದ ಹಾಡೇ ತಾನೆ?

ಎಲ್ರೂ ಹಂಗೇ ಅಂದ್ಕೊಳ್ತಾರೆ, ಇಡೀ ಆಲ್ಬಂ ಆಂಡಿ ನೆನಪಿಗೆ ಅಂತ ಮಾಡಿದ್ದಲ್ವಾ, ಅದಕ್ಕೆ. ಆದ್ರೆ ನೇರವಾಗಿ ಆಂಡಿಗೆ ಅಂತ ಕಾರ್ನೆಲ್ ಬರೆದಿದ್ದು ಎರಡು: ಮೊದಲನೇ ಹಾಡು ‘ಸೇ ಹಲೋ ಟು ಹೆವನ್’, ಎರಡನೇದು ಹನ್ನೊಂದು ನಿಮಿಷದ ‘ರೀಚ್ ಡೌನ್’. ಆಂಡಿ ಹೋದ ಕೆಲವೇ ದಿನಕ್ಕೆ ಸೌಂಡ್‌ಗಾರ್ಡನ್ ಯುರೋಪ್ ಟೂರ್‌ಗೆ ಹೋಗ್ಬೇಕಾಯ್ತು, ದುಃಖ ಇಟ್ಕೊಂಡೇ ಊರೂರು ಸುತ್ತುವಾಗ ಹುಟ್ಟಿದ್ದು ಆ ಎರಡು. ವಾಪಸ್ ಬಂದು ಗೊಸಾರ್ಡ್, ಅಮೆಂಟ್‌ಗೆ ಕೇಳ್ಸಿ, ಒಂದು ಸಿಂಗಲ್ ಮಾಡೋಣ ಅಂದ. ಅದು ಬೆಳೆದು ಆಲ್ಬಂ ಆಯ್ತು. ಆಂಡಿ ಒಬ್ಬನೇ ಮಾಡಿಟ್ಟಿದ್ದ ಹಾಡುಗಳನ್ನ ಹಾಡೋಣ ಅನ್ನೋ ಯೋಚನೆನೂ ಇತ್ತು, ಸತ್ತವನ ಹೆಸರಲ್ಲಿ ದುಡ್ಡು ಮಾಡ್ತಿದ್ದಾರೆ ಅಂತಾರೆ ಜನ ಅಂತ ಕೈಬಿಟ್ರು, ಒಳ್ಳೇದೇ ಮಾಡಿದ್ರು.

‘ಟೈಮ್ಸ್ ಆಫ್ ಟ್ರಬಲ್’ ಬಗ್ಗೆ ನನ್ನ ಅನಿಸಿಕೆ ಹೇಳ್ತೀನಿ, ಒಪ್ಕೊಳ್ಳೋದು ಬಿಡೋದು ನಿಮಗೆ ಬಿಟ್ಟಿದ್ದು. ಆ ಎರಡು ಹಾಡಲ್ಲಿ ಆಂಡಿ ಸತ್ತಾಗಿದೆ. ಒಂದರಲ್ಲಿ ಕಳಿಸಿಕೊಡೋದು, ಇನ್ನೊಂದರಲ್ಲಿ ಕನಸಲ್ಲಿ ಬಂದವನನ್ನ ನೋಡೋದು. ಈ ಹಾಡಲ್ಲಿ ಕೇಳಿಸ್ಕೊಳ್ತಿರೋನು ಇನ್ನೂ ಬದುಕಿದ್ದಾನೆ. ಸತ್ತವನಿಗೆ ಯಾರೂ ‘ತಡ್ಕೋ, ಬಿಟ್ಕೊಡ್ಬೇಡ’ ಅನ್ನಲ್ಲ ಅಲ್ವಾ. ಹಾಗಾಗಿ ಒಂದೋ ಇದು ಆಂಡಿಗೆ ಹೇಳ್ಬೇಕಿತ್ತು ಅಂತ ತಡವಾಗಿ ಹೇಳಿದ ಮಾತು, ಇಲ್ಲಾಂದ್ರೆ ಆಂಡಿ ಹೋದ್ಮೇಲೂ ಆ ಊರಲ್ಲಿ ಅದೇ ದಾರೀಲಿದ್ದ ಬೇರೆಯವ್ರಿಗೆ ಹೇಳಿದ್ದು. ಎರಡ್ರಲ್ಲಿ ಯಾವ್ದಾದ್ರೂ ಸರಿ, ಆಲ್ಬಂ ನಡೂಮಧ್ಯ, ಅಳು ಎಲ್ಲಾ ಸ್ವಲ್ಪ ಕಮ್ಮಿ ಆದ್ಮೇಲೆ ಇದು ಬರೋದೇ ನನಗೆ ಸರಿ ಅನ್ಸುತ್ತೆ.

ಇದ್ರಲ್ಲಿ ವೆಡರ್ ದನಿ ಇದೆಯಾ?

ಇಲ್ಲ. ಅವನದ್ದು ‘ಹಂಗರ್ ಸ್ಟ್ರೈಕ್’ನಲ್ಲಿ ಕಾರ್ನೆಲ್ ಜೊತೆ ಜೋಡಿ ಗಾಯನ, ಇನ್ನೊಂದೆರಡು ಮೂರು ಹಾಡಿಗೆ ಹಿಂದೆ ದನಿ ಸೇರಿಸಿದ್ದಾನೆ. ‘ಹಂಗರ್ ಸ್ಟ್ರೈಕ್’ ಆಗಿದ್ದೂ ಅಕಸ್ಮಾತ್ ಥರಾನೇ: ಒಂಬತ್ತು ಹಾಡಾಗಿತ್ತು, ಕಾರ್ನೆಲ್‌ಗೆ ಹತ್ತು ಆಗ್ಬೇಕಿತ್ತು, ಅರ್ಧ ಬರೆದಿದ್ದ ಈ ಹಾಡನ್ನ ರಿಹರ್ಸಲ್‌ನಲ್ಲಿ ಕೆಳಗಿನ ಸ್ವರ ಮೇಲಿನ ಸ್ವರ ಎರಡೂ ಒಬ್ನೇ ಹಾಡೋಕೆ ಒದ್ದಾಡ್ತಿದ್ದ, ತನ್ನ ಬ್ಯಾಂಡಿನ ಪ್ರಾಕ್ಟೀಸ್‌ಗೆ ಕಾಯ್ತಾ ಕೂತಿದ್ದ ವೆಡರ್ ಸುಮ್ನೆ ಎದ್ದು ಬಂದು ಕೆಳಗಿನ ಭಾಗ ಹಾಡಿಬಿಟ್ಟ.

ಮಧ್ಯೆ ಮೌತ್ ಆರ್ಗನ್ ಥರ ಕೇಳುತ್ತಲ್ಲ, ಅದ್ಯಾರು?

ಕಾರ್ನೆಲ್ಲೇ. ಆಲ್ಬಂ ಕವರಲ್ಲಿ ‘ಹಾರ್ಪ್’ ಅಂತ ಹಾಕಿರ್ತಾರೆ, ಅದನ್ನ ನೋಡಿ ದೊಡ್ಡ ತಂತಿವಾದ್ಯ ಅಂತ ಹುಡುಕ್ಬೇಡಿ, ರಾಕ್ ಮಂದಿ ಭಾಷೇಲಿ ಹಾರ್ಪ್ ಅಂದ್ರೆ ಮೌತ್ ಆರ್ಗನ್ನೇ. ತಮಾಷೆ ಅಂದ್ರೆ ‘ಫುಟ್‌ಸ್ಟೆಪ್ಸ್’ನಲ್ಲೂ ಮೌತ್ ಆರ್ಗನ್ ಇದೆ, ಅಲ್ಲಿ ವೆಡರ್. ಟ್ಯೂನ್‌ನಲ್ಲೇ ಏನೋ ಇದೆ, ಕೈ ತಾನಾಗೇ ಜೇಬಿಗೆ ಹೋಗುತ್ತೆ.

ರೆಕಾರ್ಡಿಂಗ್ ಎಲ್ಲಾಯ್ತು, ಎಷ್ಟು ದಿನ?

ಸಿಯಾಟಲ್‌ನ ಲಂಡನ್ ಬ್ರಿಡ್ಜ್ ಸ್ಟುಡಿಯೋ, 1990ರ ನವೆಂಬರ್ ಡಿಸೆಂಬರ್. ಒಟ್ಟು ಹದಿನೈದೇ ದಿನ. ಕಂಪನಿ ಕಡೆಯಿಂದ ಹಿಟ್ ಕೊಡಿ ಅನ್ನೋ ಒತ್ತಡ ಇಲ್ಲ, ಯಾರಿಗೂ ಏನೂ ಸಾಬೀತು ಮಾಡ್ಬೇಕಾಗಿರಲಿಲ್ಲ, ಅದಕ್ಕೇ ಇಷ್ಟು ಬಿಡುವಾಗಿ ಉಸಿರಾಡುತ್ತೆ ಈ ಆಲ್ಬಂ. ಬ್ಯಾಂಡ್ ಜೊತೆ ಸೇರಿ ಪ್ರೊಡ್ಯೂಸ್ ಮಾಡಿದ್ದು ರಿಕ್ ಪರಾಶರ್. ಹೌದು, ಪರಾಶರ್ರೇ, ಪೂರ್ತಿ ಹೆಸರು ರಾಕೇಶ್. ಅಣ್ಣತಮ್ಮ ಸೇರಿ 1985ರಲ್ಲಿ ಕಟ್ಟಿದ ಸ್ಟುಡಿಯೋ ಅದು. ಗ್ರಂಜ್ ಅಂತ ಜಗತ್ತು ಕುಣಿದಾಡಿದ ಆ ಸಿಯಾಟಲ್ ರಾಕ್ ಸದ್ದಿನ ಹಿಂದೆ ಒಬ್ಬ ರಾಕೇಶ್ ಇದ್ದ ಅಂತ ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತು? ಆಲ್ಬಂನಲ್ಲಿ ಪಿಯಾನೋ, ಆರ್ಗನ್ ಕೂಡ ಅವನೇ ನುಡಿಸಿದ್ದಾನೆ. 2014ರಲ್ಲಿ ತೀರ್ಕೊಂಡ, ಐವತ್ತು ವರ್ಷಕ್ಕೇ.

ಇನ್ನೊಂದು ವಿಷಯ, ಪರ್ಲ್ ಜ್ಯಾಮ್‌ನ ಮೊದಲ ಆಲ್ಬಂ ‘ಟೆನ್’ ಕೂಡ 1991ರಲ್ಲಿ ಅದೇ ಸ್ಟುಡಿಯೋ, ಅದೇ ಪರಾಶರ್. ಮಾಮಾಸನ್ ಕ್ಯಾಸೆಟ್‌ನ ಮೊದಲ ಎರಡು ಹಾಡು ‘ಟೆನ್’ಗೆ ಹೋಯ್ತು, ಮೂರನೇದು ಹೋಗ್ಲಿಲ್ಲ. ಕೊಲೆಗಾರನ ಕಥೆಯ ಕೊನೇ ಅಧ್ಯಾಯವೇ ಇಲ್ದೆ ಆಲ್ಬಂ ಬಂತು.

ಮತ್ತೆ ‘ಫುಟ್‌ಸ್ಟೆಪ್ಸ್’ ಎಲ್ಲಿ ಸಿಗುತ್ತೆ?

1992ರಲ್ಲಿ ರಾಕ್‌ಲೈನ್ ಅನ್ನೋ ರೇಡಿಯೋ ಕಾರ್ಯಕ್ರಮದಲ್ಲಿ ಲೈವ್ ಹಾಡಿದ್ರು, ಅದನ್ನೇ ‘ಜೆರೆಮಿ’ ಸಿಂಗಲ್‌ನ ಹಿಂದಿನ ಹಾಡಾಗಿ ಹಾಕಿದ್ರು. ಆಮೇಲೆ 2003ರ ‘ಲಾಸ್ಟ್ ಡಾಗ್ಸ್’ ಅನ್ನೋ ಸಂಗ್ರಹದಲ್ಲಿದೆ. ಹೆಚ್ಚುಕಮ್ಮಿ ಗಿಟಾರ್ ಮತ್ತೆ ದನಿ ಅಷ್ಟೇ, ಚಿಕ್ಕದು.

ಆಲ್ಬಂ ಓಡ್ತಾ?

ಬಂದಾಗ ಇಲ್ಲ. ಅಮೆರಿಕದಲ್ಲಿ ಎಪ್ಪತ್ತು ಸಾವಿರದ ಆಸುಪಾಸು ಮಾರಾಟ, ಅಷ್ಟಕ್ಕೇ ಸುಮ್ಮನಾಯ್ತು. 1992ರ ಹೊತ್ತಿಗೆ ಪರ್ಲ್ ಜ್ಯಾಮ್, ಸೌಂಡ್‌ಗಾರ್ಡನ್ ಎರಡೂ ಬೆಂಕಿ ಥರ ಹತ್ಕೊಂಡ್ಮೇಲೆ, ಅಯ್ಯೋ ಇವರೆಲ್ಲ ಇರೋ ಒಂದು ಆಲ್ಬಂ ನಮ್ಮ ಗೋಡೌನಲ್ಲೇ ಇದೆಯಲ್ಲ ಅಂತ ಎ ಆ್ಯಂಡ್ ಎಮ್ ಕಂಪನಿಗೆ ಜ್ಞಾನೋದಯ ಆಗಿ, ‘ಹಂಗರ್ ಸ್ಟ್ರೈಕ್’ ವಿಡಿಯೋ ಮುಂದಿಟ್ಕೊಂಡು ಮತ್ತೆ ಮಾರುಕಟ್ಟೆಗೆ ಬಿಟ್ರು. ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟೀಲಿ 5ನೇ ಸ್ಥಾನದವರೆಗೂ ಹೋಯ್ತು, ಪ್ಲಾಟಿನಮ್ ಆಯ್ತು, ಅಂದ್ರೆ ಹತ್ತು ಲಕ್ಷ.

ಲೈವ್ ಆಗಿ ಹಾಡಿದ್ದಾರಾ?

1990ರ ನವೆಂಬರ್‌ನಲ್ಲಿ ಸಿಯಾಟಲ್‌ನ ಆಫ್ ರ‍್ಯಾಂಪ್ ಅನ್ನೋ ಜಾಗದಲ್ಲಿ ಒಂದು ಶೋ, ಆಮೇಲೆ ಎಲ್ಲೋ ಅಪರೂಪಕ್ಕೆ ಒಂದೆರಡು ಹಾಡು, ಅಷ್ಟೇ. ಟೂರ್ ಅಂತ ಮಾಡಿದ್ದು 25 ವರ್ಷ ಆದ್ಮೇಲೆ, 2016ರ ನವೆಂಬರ್‌ನಲ್ಲಿ, ಐದು ಊರು: ಫಿಲಡೆಲ್ಫಿಯಾ, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್, ಕೊನೆಗೆ ಸಿಯಾಟಲ್. ವೆಡರ್ ಆ ಟೂರ್‌ನಲ್ಲಿ ಇರಲಿಲ್ಲ, ‘ಹಂಗರ್ ಸ್ಟ್ರೈಕ್’ನ ಅವನ ಭಾಗವನ್ನ ಜನಾನೇ ಹಾಡಿದ್ರು. ಸಿಯಾಟಲ್ ಶೋ ನಡೆದಿದ್ದು ಪ್ಯಾರಾಮೌಂಟ್ ಥಿಯೇಟರ್‌ನಲ್ಲಿ, 1990ರಲ್ಲಿ ಆಂಡಿಗೆ ಶ್ರದ್ಧಾಂಜಲಿ ಸಭೆ ಆಗಿದ್ದೂ ಅದೇ ಜಾಗ.

ಅದಾದ ಆರು ತಿಂಗಳಿಗೆ, 2017ರ ಮೇ 18ಕ್ಕೆ, ಡೆಟ್ರಾಯ್ಟ್‌ನಲ್ಲಿ ಸೌಂಡ್‌ಗಾರ್ಡನ್ ಶೋ ಮುಗಿಸಿದ ರಾತ್ರಿ ಕಾರ್ನೆಲ್ ಹೋದ. 52 ವರ್ಷ. ಆಮೇಲೆ ತುಂಬಾ ದಿನ ನಾನು ಈ ಹಾಡು ಹಾಕಿಲ್ಲ. ಬಿಟ್ಕೊಡ್ಬೇಡ ಅಂತ ಹೇಳ್ತಿದ್ದ ದನಿ ಅದು, ಕೇಳೋಕಾಗ್ತಿರಲಿಲ್ಲ.

ಮೊದಲು ಯಾವ್ದು ಕೇಳ್ಬೇಕು?

‘ಟೈಮ್ಸ್ ಆಫ್ ಟ್ರಬಲ್’ ಮೊದಲು. ‘ಫುಟ್‌ಸ್ಟೆಪ್ಸ್’ ಮೊದಲು ಕೇಳಿದ್ರೆ ಆ ಜೈಲು ತಲೇಲಿ ಕೂತ್ಬಿಡುತ್ತೆ, ಆಮೇಲೆ ಈ ಟ್ಯೂನ್‌ನಲ್ಲಿ ಸಮಾಧಾನ ಕೇಳಿಸೋದೇ ಕಷ್ಟ. ನನಗಾಗಿದ್ದು ಅದೇ, ನಿಮಗೆ ಬೇಡ. ಯಾವ್ದು ಒಳ್ಳೇದು ಅಂತ ಕೇಳಿದ್ರೆ ಬರವಣಿಗೆ ವೆಡರ್‌ದು ಗಟ್ಟಿ, ಆದ್ರೆ ರಾತ್ರಿ ಎರಡು ಗಂಟೆಗೆ ನಿದ್ದೆ ಬರದೇ ಇದ್ದಾಗ ನಾನು ಹಾಕೋದು ಕಾರ್ನೆಲ್‌ದು.

ಗಿಟಾರ್‌ನಲ್ಲಿ ನುಡಿಸೋಕೆ ಕಷ್ಟನಾ?

ಕಾರ್ಡ್ಸ್ ಕಷ್ಟ ಇಲ್ಲ, ನಿಧಾನವಾಗಿ ಇರೋದು ಕಷ್ಟ. ಕೈ ಓಡೋಕೆ ನೋಡುತ್ತೆ. ಒಂದು ಟ್ಯೂನ್ ಕಲಿತ್ರೆ ಎರಡು ಹಾಡು ಬಂದಂಗೆ, ಅದು ಲಾಭ. ಪೆನ್‌ಡ್ರೈವ್ ಕೊಟ್ಟ ಆ ಗೆಳೆಯ ಈಗ್ಲೂ ಸಿಗ್ತಾನೆ, ಒಂದ್ಸಲ ಒಂದೇ ಗಿಟಾರ್ ಮೇಲೆ ಅವನು ‘ಫುಟ್‌ಸ್ಟೆಪ್ಸ್’ ಹಾಡೋದು ನಾನು ಇದನ್ನ ಹಾಡೋದು, ಒಟ್ಟಿಗೇ, ಅಂತ ಟ್ರೈ ಮಾಡಿದ್ವಿ. ಎರಡು ಸಾಲು ಕೂಡ ಸೇರ್ಲಿಲ್ಲ, ಕಾರ್ಡ್ಸ್ ಒಂದೇ ಆದ್ರೂ ಹಾಡೋ ರಾಗ ಬೇರೆ ಬೇರೆ, ಅವನು ಇಳಿಯೋ ಕಡೆ ನಾನು ಏರ್ತೀನಿ. ಕೊನೆಗೆ ನಗು ಬಂದು ನಿಲ್ಲಿಸಿದ್ವಿ. ಫೋಲ್ಡರ್‌ನಲ್ಲಿ ಹೆಸರು ಮಾತ್ರ ಅವನು ಇವತ್ತಿಗೂ ಸರಿ ಮಾಡಿಲ್ಲ.